ಚಮಕಿಯ ಹಿಂದಿನ ಗಂಟು

ಹೊಣಕೆರೆ ಕಡೆಯ ಆ ಊರಿನಲ್ಲಿ ಸುಗ್ಗಿ ಮುಗಿಯಿತೆಂದರೆ ನಾಟಕದ ಹುಚ್ಚು ಶುರು. ಗಂಡಸರೆಲ್ಲ ರಾಜರು, ಮಂತ್ರಿಗಳು ಆಗಿಬಿಡುತ್ತಾರೆ. ಹಸು ಕರೆಯಲು ಮಾತ್ರ ಯಾರೂ ಸಿಗುವುದಿಲ್ಲ. ಆದರೆ ಬಟ್ಟೆಯದೇ ದೊಡ್ಡ ಗೋಳು. ದೂರದ ಪಟ್ಟಣದ ಬಾಡಿಗೆ ಅಂಗಡಿಯಿಂದ ಬರುವ ಉಡುಪು ಯಾರ ಅಳತೆಗೂ ಕೂರುವುದಿಲ್ಲ, ಬೆವರಿನ ನಾತ ಬೇರೆ. ತೊಂಬತ್ತೈದನೇ ಇಸವಿಯ ನಾಟಕದಲ್ಲಿ ರಾಜನ ಪಾರ್ಟು ಮಾಡಿದ್ದ ನಂಜಪ್ಪನ ಹೊಟ್ಟೆಗೆ ಅಂಗಿ ಸಾಲದೆ, ಹಿಂದೆ ಪಿನ್ನು ಚುಚ್ಚಿ ಕಳಿಸಿದ್ದರು. ಪಾಪ, ರಾಜ ಕೊನೆಯವರೆಗೂ ಯಾರಿಗೂ ಬೆನ್ನು ತೋರಿಸಲಿಲ್ಲ.

ನಂಜಪ್ಪನ ಹೆಂಡತಿ ಬೆಟ್ಟಮ್ಮ ಊರಿನ ಮಹಿಳಾ ಸಂಘದ ಮುಂದಾಳು. ರವಿಕೆ ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಮದುವೆ ಕಾಲ ಮುಗಿದರೆ ಸಂಘದ ಹೊಲಿಗೆ ಮಿಷನ್ನುಗಳಿಗೆ ಕೆಲಸವಿಲ್ಲ. ಹೆಂಗಸರು ಮತ್ತೆ ಬಿಸಿಲಿನಲ್ಲಿ ಕೂಲಿಗೆ ಹೋಗಬೇಕು. ಅದಕ್ಕೇ ಮರುವರ್ಷ, ನಾಟಕದ ಬಟ್ಟೆ ನಾವೇ ಹೊಲಿಯುತ್ತೇವೆ ಎಂದು ಆಕೆ ಹಟ ಹಿಡಿದಳು. ನಾಟಕ ಮಂಡಳಿಯ ತಿಮ್ಮರಾಜು ಅಳೆದು ಸುರಿದು ಒಪ್ಪಿದ.

"ನೋಡಕ್ಕ, ಒಂದ್ಸಲ ನಿಮ್ ಕೈಗೆ ಕೊಡ್ತೀನಿ. ಚೆಂದಾಗ್ ಬಂದ್ರೆ ವರ್ಸವರ್ಸ ನಿಮ್ದೇ ಕೆಲ್ಸ, ಸುತ್ತ ಊರ್ನೋರ್ಗೂ ನಾನೇ ಯೋಳ್ತೀನಿ. ಕೆಟ್ರೆ ಮಾತ್ರ ಬಾಡ್ಗೆ ಅಂಗ್ಡಿಗೇ ಓಯ್ತೀನಿ."

ಸಂಘಗಳಿಗೆ ತರಬೇತಿ ಕೊಡಲು ನಾಗಮಂಗಲದಿಂದ ಬರುತ್ತಿದ್ದ ಹೇಮಶ್ರೀಗೆ ಈ ಸುದ್ದಿ ಕೇಳಿ ಖುಷಿಯಾಯಿತು. ಜೊತೆಗೊಂದು ಸಲಹೆಯನ್ನೂ ಕೊಟ್ಟಳು.

"ಅಕ್ಕಾ, ಹೊಲಿಗೆ ನಿಮ್ಗೆ ನೀರು ಕುಡ್ದಂಗೆ. ಆದ್ರೆ ಚಮಕಿ ಕೆಲ್ಸ ಬೇರೆ ವಿದ್ಯೆ. ಶ್ರೀರಂಗಪಟ್ಣದ ಗಂಜಾಂನಲ್ಲಿ ಅಕ್ಬರಿ ಬೇಗಂ ಅಂತ ಅವ್ರೆ, ಪಳಗಿದ ಕೈ. ಅವ್ರನ್ನೂ ಜೊತೆಗೆ ಸೇರಿಸ್ಕೊಳ್ಳಿ."

ಬೆಟ್ಟಮ್ಮ ಮುಖ ಗಂಟು ಹಾಕಿಕೊಂಡಳು. "ಬೂಬಮ್ಮನ್ನಾ? ಆ ಬಟ್ಟೆಗೆ ಅರಿಸ್ನ ಕುಂಕ್ಮ ಇಟ್ಟು ಪೂಜೆ ಮಾಡ್ತೀವಿ ಕಣವ್ವ, ದೇವ್ರ ಕತೆ ಆಡೋ ಬಟ್ಟೆ. ಅವ್ರ ಕೈಲಿ ಎಂಗ್ ಮಾಡ್ಸದು? ಬ್ಯಾಡ ಬುಡು. ಚಮಕಿ ತಾನೇ, ನಾವೇ ಪೋಣ್ಸುದ್ರಾಯ್ತು."

ಪೋಣಿಸಿದರು. ಅಂಗಿ ಥಳಥಳ ಹೊಳೆಯಿತು. ನಾಟಕಕ್ಕೆ ಒಂದು ವಾರವಿರುವಾಗ ನಂಜಪ್ಪ ಅದನ್ನು ತೊಟ್ಟು ಪ್ರಾಕ್ಟೀಸಿಗೆ ನಿಂತ. ಆರ್ಭಟಿಸಿ ಗದೆ ಎತ್ತಿದ್ದೇ ತಡ, ಹೆಗಲ ಹತ್ತಿರ ದಾರ ಪಟ್ಟನೆ ಕಿತ್ತಿತು. ಒಂದರ ಹಿಂದೆ ಒಂದು ಚಮಕಿ ಸುರಿಯತೊಡಗಿತು. ಅವುಗಳ ಮೇಲೆ ಕಾಲಿಟ್ಟ ರಾಜ ಸರ್ರನೆ ಜಾರಿ, ಸಿಂಹಾಸನ ಅಲ್ಲಿರಲಿ, ನೆಲದ ಮೇಲೆ ಕುಳಿತ.

"ಲೇ ಬೆಟ್ಟಿ, ಅಂಗಿ ವಲ್ದಿದ್ದೀಯೋ ಇಲ್ಲ ಬಿತ್ನೆ ಮಾಡೋಕ್ ಕಳ್ಸಿದ್ದೀಯೋ?" ಎಂದು ಅವನು ಕೂತಲ್ಲಿಂದಲೇ ಕೂಗಿದ. ಎಲ್ಲರೂ ಬಿದ್ದುಬಿದ್ದು ನಕ್ಕರು. ತಿಮ್ಮರಾಜು ನಗಲಿಲ್ಲ.

"ಬಾಡ್ಗೆ ಅಂಗ್ಡಿಗೆ ಯೋಳ್ಬುಡ್ಲಾ ಅಕ್ಕ?"

ಬೆಟ್ಟಮ್ಮನಿಗೆ ಅಳುವೇ ಬಂತು. ತನ್ನ ಮಾನ ಹೋದರೆ ಹೋಗಲಿ, ತನ್ನನ್ನು ನಂಬಿ ಕೂತ ಹೆಂಗಸರ ಗತಿಯೇನು? "ಎಲ್ಡು ದಿನ ತಡ್ಕೊ ಕಣಪ್ಪ" ಎಂದಳು.

ಮಾರನೆಯ ಬೆಳಿಗ್ಗೆ ಆ ಅಂಗಿಯನ್ನು ಚೀಲಕ್ಕೆ ತುರುಕಿಕೊಂಡು ಹೇಮಶ್ರೀಯ ಜೊತೆ ಬಸ್ಸು ಹತ್ತಿದಳು. ಪಾಂಡವಪುರದಲ್ಲಿ ಬಸ್ಸು ಬದಲಿಸಿದರು. ಗಂಜಾಂನಲ್ಲಿ ಇಳಿದು ಅಕ್ಬರಿ ಬೇಗಂ ಮನೆ ಹೊಸಿಲು ದಾಟಿದವಳು ಅಲ್ಲೇ ನಿಂತುಬಿಟ್ಟಳು. ನಡುಮನೆಯಲ್ಲಿ ಮರದ ಚೌಕಟ್ಟಿಗೆ ಅಂಗಿಯ ಆಕಾರ ಬರೆದ ಕೆಂಪು ಮಖಮಲ್ ಬಿಗಿದಿತ್ತು. ಅದರ ಮೇಲೆ, ಕುತ್ತಿಗೆ ಹಿಂದಕ್ಕೆ ತಿರುಗಿಸಿಕೊಂಡ ಒಂದು ಚಮಕಿಯ ನವಿಲು.

"ಇದು... ನಮ್ಮೂರ್ಗೆ ಬಾಡ್ಗೆಗೆ ಬರೋ ರಾಜನ್ ಅಂಗಿ ಮ್ಯಾಗಿರೋ ನವಿಲಲ್ವಾ?"

"ಇರ್ಬೋದು ಅಕ್ಕ. ನಮ್ಮ ಅಮ್ಮೀಜಾನ್ ಕಲ್ಸಿದ ನವಿಲು, ಬೇರೆ ಯಾರೂ ಹಾಕಲ್ಲ" ಎಂದಳು ಅಕ್ಬರಿ ಬೇಗಂ, ಚಾಪೆ ಹಾಸುತ್ತಾ. "ಅಂಗಡಿಯವ್ರು ಬಟ್ಟೆ ಕೊಡ್ತಾರೆ, ನಾನು ಚಮಕಿ ಹಾಕಿ ಕೊಡ್ತೀನಿ. ಯಾರು ತೊಡ್ತಾರೆ, ಏನು ಕಥೆ, ನಂಗೇನೂ ಗೊತ್ತಿಲ್ಲ. ನಾನು ನಾಟ್ಕ ನೋಡೇ ಇಲ್ಲ."

ಬೆಟ್ಟಮ್ಮ ಚಾಪೆಯ ಮೇಲೆ ಕೂತಳು. ವರ್ಷ ವರ್ಷವೂ ಈ ನವಿಲಿಗೇ ಅಲ್ಲವೇ ತಾನು ಕುಂಕುಮ ಇಟ್ಟು ಕೈ ಮುಗಿದದ್ದು? ಯಾರ ಕೈ ಬೇಡವೆಂದಳೋ, ಆ ಕೈಯ ಕೆಲಸಕ್ಕೇ ದೃಷ್ಟಿ ತೆಗೆದಿದ್ದಳು. ಅವಳಿಗೆ ನಾಚಿಕೆಯೂ ಆಯಿತು, ತನ್ನ ಮೇಲೆ ತನಗೇ ನಗುವೂ ಬಂತು.

"ನೋಡಿದ್ರಾ ಅಕ್ಕ" ಎಂದಳು ಹೇಮಶ್ರೀ. "ಹೊಲಿಯೋರು ಅಲ್ಲಿ, ಚಮಕಿ ಹಾಕೋರು ಇಲ್ಲಿ. ಒಬ್ರ ಮುಖ ಒಬ್ರು ನೋಡ್ದೇ ಇದ್ದಿದ್ದಕ್ಕೆ ಮಧ್ಯದ ಅಂಗಡಿ ಮಾತ್ರ ಬೆಳೀತು. ಕೈ ಸೇರಿದ್ರೆ ನಮ್ಮಲ್ಲೇ ಒಂದು ಕಸುಬು ನಿಲ್ತದೆ. ಊರೂರಲ್ಲೂ ಇಂಗೇ ಆದ್ರೆ ನಮ್ ರಾಜ್ಯದಲ್ಲಿ ಕಲೆಯಿಂದ್ಲೇ ಎಷ್ಟು ಮನೆ ಒಲೆ ಉರೀತವೆ!"

ಅಕ್ಬರಿ ಬೇಗಂ ಆ ಹಾಳಾದ ಅಂಗಿಯನ್ನು ಒಳಮೈ ಮಾಡಿ ನೋಡಿದಳು. "ಹೂವಿನ ಸರದಂಗೆ ಒಂದೇ ದಾರ ಎಳ್ದಿದ್ದೀರಿ. ಒಂದು ಕಡೆ ಕಿತ್ರೆ ಎಲ್ಲಾ ಹೋಯ್ತದೆ. ಒಂದೊಂದು ಚಮಕಿಗೂ ಹಿಂದೆ ಗಂಟು ಬೇಕಕ್ಕ."

ಬೆಟ್ಟಮ್ಮ ಸುಮ್ಮನಿರುವವಳೇ? ಚೌಕಟ್ಟಿನ ಮಖಮಲ್ ಮೇಲೆ ಕೈಯಾಡಿಸಿದಳು. "ಅಲ್ಲಮ್ಮ, ಕಂಕುಳ್ಗೂ ಚಮಕಿ ತುಂಬ್ಬುಟ್ಟಿದ್ದೀಯಲ್ಲ! ಗದೆ ಎತ್ತುದ್ರೆ ಮೈಯೆಲ್ಲ ತರ್ಚ್ಕೊಂಡೋಯ್ತದೆ. ನಾಟ್ಕ ಮುಗುದ್ಮ್ಯಾಕೆ ನಮ್ಮೆಜಮಾನ್ರ ಗಾಯಕ್ಕೆ ಕೊಬ್ರಿ ಎಣ್ಣೆ ಅಚ್ಚೋಳು ನಾನು!"

"ಯಾ ಅಲ್ಲಾ! ನಂಗೆ ಯಾರೂ ಹೇಳೇ ಇಲ್ವಲ್ಲ" ಎಂದು ಅಕ್ಬರಿ ಬೇಗಂ ಬಾಯಿಗೆ ಸೆರಗು ಹಿಡಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಮಾರನೆಯ ದಿನವೇ ಅಕ್ಬರಿ ಬೇಗಂ ತನ್ನ ಮಗಳು ಆತಿಯಾಳನ್ನೂ ಕರೆದುಕೊಂಡು ಬೆಟ್ಟಮ್ಮನ ಊರಿಗೆ ಬಂದಳು. ಸಂಘದ ಹೆಂಗಸರೆಲ್ಲ ಗಂಟು ಹಾಕುವುದನ್ನು ಕಲಿತರು. ಕಂಕುಳಿಗೆ ಬೆಟ್ಟಮ್ಮ ಮೆತ್ತನೆಯ ಹತ್ತಿ ಬಟ್ಟೆ ಇಟ್ಟು ಹೊಲಿದಳು. ಒಮ್ಮೆ ಮನಸ್ಸಿನ ಬಾಗಿಲು ತೆಗೆದವಳು ಅಲ್ಲಿಗೇ ನಿಲ್ಲಲಿಲ್ಲ. ಕೆಳಗಿನ ಕೇರಿಗೆ ತಾನೇ ಹೋಗಿ, ಬಿದಿರು ಕೆಲಸದ ಕರಿಯಯ್ಯನನ್ನು ಕರೆತಂದು ಸಂಘದ ಜಗುಲಿಯ ಮೇಲೆ ಕೂರಿಸಿದಳು. ಅವನು ಕಟ್ಟಿದ ಕಿರೀಟ ಎಷ್ಟು ಹಗುರವಿತ್ತೆಂದರೆ ನಂಜಪ್ಪ ಅದನ್ನು ತೊಟ್ಟೇ ಹಸು ಕರೆಯಲು ಹೊರಟಿದ್ದ.

ನಾಟಕದ ದಿನ ಅಕ್ಬರಿ ಬೇಗಂ ಮುಂದಿನ ಸಾಲಿನಲ್ಲಿ, ಬೆಟ್ಟಮ್ಮನ ಪಕ್ಕದಲ್ಲಿ ಕೂತಳು. ಬೆಟ್ಟಮ್ಮ ಹಟ ಮಾಡಿದ್ದಕ್ಕೆ ತಿಮ್ಮರಾಜು ಮೈಕಿನಲ್ಲಿ, "ಉಡುಪು, ಕಿರೀಟ: ಬೆಟ್ಟಮ್ಮ, ಅಕ್ಬರಿ ಬೇಗಂ, ಕರಿಯಯ್ಯ ಮತ್ತು ಸಂಗಡಿಗರು" ಎಂದು ಕೂಗಿದ. ತನ್ನ ಹೆಸರು ಕೇಳಿ ಅಕ್ಬರಿ ಬೇಗಂ ತಲೆ ತಗ್ಗಿಸಿದಳು. ಬೆಟ್ಟಮ್ಮನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು. ರಾಜ ಹಾರಿದ, ಕುಣಿದ, ಗದೆ ಬೀಸಿದ. ಊರೆಲ್ಲ ಅವನ ಮುಖ ನೋಡಿದರೆ ಬೆಟ್ಟಮ್ಮ ಅವನ ಕಾಲ ಕೆಳಗಿನ ನೆಲ ನೋಡುತ್ತಿದ್ದಳು.

ಬೆಳಕು ಹರಿದ ಮೇಲೆ ತಿಮ್ಮರಾಜು ನಗುತ್ತಾ ಬಂದ. "ಅಕ್ಕ, ಸಂತೆಬಾಚಹಳ್ಳಿಯೋರು ನೋಡ್ಕೊಂಡೋದ್ರು. ಅವ್ರ ನಾಟ್ಕದ್ ಬಟ್ಟೇನೂ ನಿಮ್ದೇಯಂತೆ."

ಬೆಟ್ಟಮ್ಮ ಆಗ ಪೊರಕೆ ಹಿಡಿದು ರಂಗ ಗುಡಿಸುತ್ತಿದ್ದಳು. ಮೂಲೆಯಲ್ಲಿ ಒಂದೇ ಒಂದು ಚಮಕಿ ಸಿಕ್ಕಿತು. ಅಂಗಿ ತಿರುಗಿಸಿ, ಅದು ಬಿದ್ದ ಜಾಗ ಹುಡುಕಿದಳು.

"ಇದು ನಿಂದಲ್ಲ ಕಣ್ ಅಕ್ಬರಮ್ಮ, ನಂದೇಯ. ಗಂಟಾಕೋದ್ ಮರ್ತ್ಬುಟ್ಟಿವ್ನಿ."

ಅಕ್ಬರಿ ಬೇಗಂ ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಇಂಥ ಕೈಗಳಿವೆ. ಬೇರೆ ಬೀದಿ, ಬೇರೆ ಜಾತಿ, ಬೇರೆ ದೇವರು ಎಂದು ನಾವೇ ಅವನ್ನು ದೂರ ಇಟ್ಟಿದ್ದೇವೆ. ನಿಮ್ಮ ಸಂಘದ ಮುಂದಿನ ಸಭೆಗೆ, ಇದುವರೆಗೆ ನೀವು ಕರೆಯದ ಮನೆಯ ಒಬ್ಬರನ್ನು ಕರೆಯಿರಿ. ಹೋಗಿ ಕರೆತಂದು, ಚಾಪೆ ಹಾಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.