ಮೀಟರು ನಂಬುವ ಪರೀಕ್ಷೆ

ಮತ್ತೆ ಮೂಗು ಎಳೆದ, ಎಡಗಡೆಯದು ಪೂರ್ತಿ ಕಟ್ಟಿದೆ, ಒಳಗಿನ ನಡುಗೋಡೆ ಸೊಟ್ಟ, ಹುಟ್ಟಿನಿಂದಲೇ ಇರಬೇಕು, ಇಲ್ಲವೇ ಯಾರೋ ಪುಣ್ಯಾತ್ಮರು ಗುದ್ದಿರಬೇಕು, ಗುದ್ದಿದ್ದರೆ ತಪ್ಪೇನಿಲ್ಲ — ಪಕ್ಕದಲ್ಲಿ ಕೂತ ಪರೀಕ್ಷಕನ ಮುಖ ನನಗೆ ಕಾಣುತ್ತಿಲ್ಲ, ಮೋಡದೊಳಗಿದ್ದೇನೆ ಅಂತ ನಟಿಸಲು ಹಣೆಗೆ ಸಿಕ್ಕಿಸಿಕೊಂಡ ಪ್ಲಾಸ್ಟಿಕ್ ಮರೆ ವಿಮಾನದ ಕಿಟಕಿಯನ್ನೂ ಆಕಾಶವನ್ನೂ ಮುಚ್ಚಿ ಎದುರಿನ ಮೀಟರುಗಳನ್ನಷ್ಟೇ ಉಳಿಸಿದೆ, ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ, ಆದರೆ ಆ ಮೂಗಿನ ಸದ್ದು ಹೆಡ್‌ಸೆಟ್ಟಿನ ತಂತಿ ಹಿಡಿದು ನೇರ ನನ್ನ ಕಿವಿಯೊಳಕ್ಕೇ ಬರುತ್ತಿದೆ, ಮೋಡದೊಳಗೆ ವಿಮಾನ ಹಾರಿಸುವ ಯೋಗ್ಯತೆ ನನಗಿದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಇಂಥ ಮೂಗು. ಎಡಕ್ಕೆ ತಿರುಗಿಸಿ ಡಾಕ್ಟ್ರೇ, ನಿಧಾನ, ಹಾಗೇ ಸಾವಿರ ಅಡಿ ಇಳೀರಿ ಅನ್ನುತ್ತಾನೆ, ನಿಧಾನವಂತೆ, ತಿರುಗಿಸುತ್ತೇನೆ, ಮೀಟರಿನೊಳಗಿನ ಪುಟ್ಟ ರೆಕ್ಕೆ ಎಡಕ್ಕೆ ವಾಲಿತು, ಮುಳ್ಳು ಇಳಿಯಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು, ಏನಾದರೂ ಅನ್ನುತ್ತಾನೋ ಅಂದರೆ ಮತ್ತೆ ಮೂಗು. ಬೆಳಗ್ಗೆ ಮೇಜಿನೆದುರು ಕೂರಿಸಿಕೊಂಡು ಬಾಯಿಪರೀಕ್ಷೆ ಮಾಡಿದನಲ್ಲ, ಮೋಡದೊಳಗೆ ಪೈಲಟ್‌ಗೆ ದಿಕ್ಕು ಯಾಕೆ ತಪ್ಪುತ್ತೆ ಹೇಳಿ ಅಂದ, ಯಾರನ್ನು, ಜನರ ಕಿವಿಯೊಳಗೆ ದೀಪ ಬಿಟ್ಟು ಅನ್ನ ತಿನ್ನುವ ನನ್ನನ್ನು, ಹೇಳಿದೆ, ಒಳಕಿವಿಯಲ್ಲಿ ಮೂರು ಕೊಳವೆ, ಕೊಳವೆಯಲ್ಲಿ ದ್ರವ, ಒಂದೇ ಸಮ ತಿರುಗುತ್ತಿದ್ದರೆ ದ್ರವವೂ ಜೊತೆಗೇ ತಿರುಗಿ ಸುಮ್ಮನಾಗುತ್ತದೆ, ತಿರುಗುತ್ತಿದ್ದರೂ ನೇರ ಇದ್ದೇವೆ ಅನಿಸುತ್ತದೆ, ನೇರವಾದ ಮೇಲೆ ತಿರುಗುತ್ತಿದ್ದೇವೆ ಅನಿಸುತ್ತದೆ — ಸಾಕು ಸಾಕು, ನಮ್ಮ ಪುಸ್ತಕದಲ್ಲಿ ಇಷ್ಟಿಲ್ಲ ಅಂದ. ಇರುವುದಿಲ್ಲ, ಇವರ ಪುಸ್ತಕದಲ್ಲಿ ಇವರಿಗೆ ಅರ್ಥವಾಗುವಷ್ಟೇ ಇರುತ್ತದೆ.

ಇನ್ನು ನನಗೆ ಕಲಿಸಿದ ಮಹಾಶಯ, ಕಿರುಚಿ ಕಿರುಚಿ ಗಂಟಲಲ್ಲಿ ಗಂಟು ಬರಿಸಿಕೊಂಡವನು, ದನಿ ಕೇಳಿದರೇ ಗೊತ್ತಾಗುತ್ತದೆ, ಮೀಟರ್ ನಂಬಿ ಡಾಕ್ಟ್ರೇ, ಮೀಟರ್ ನಂಬಿ, ಗಿಳಿಪಾಠ, ಅವನಿಗಿಂತ ಮೊದಲಿನಿಂದ ನಾನೇ ಈ ಪಾಠ ಮಾಡಿಕೊಂಡು ಬಂದಿದ್ದೇನೆ, ತಲೆ ಸುತ್ತು ಅಂತ ಗೋಡೆ ಹಿಡಿದು ಬರುತ್ತಾರಲ್ಲ, ಹೊರಗೆ ಎಲ್ಲರನ್ನೂ ನಡುಗಿಸುವ ವಕೀಲರು, ಪೊಲೀಸರು, ಒಳಗೆ ಬಂದು ನನ್ನ ಕುರ್ಚಿಯ ಕೈ ಹಿಡಿದುಕೊಂಡು ಮಕ್ಕಳ ಹಾಗೆ ಅಳುತ್ತಾರೆ, ರೂಮು ತಿರುಗ್ತಿದೆ ಡಾಕ್ಟ್ರೇ, ಬೀಳ್ತಿದೀನಿ ಹಿಡ್ಕೊಳ್ಳಿ, ಯಾವ ರೂಮೂ ತಿರುಗ್ತಿಲ್ಲ ಸ್ವಾಮಿ, ನಿಮ್ಮ ಕಿವಿ ಸುಳ್ಳು ಹೇಳ್ತಿದೆ, ಆ ಗಡಿಯಾರ ನೋಡ್ಕೊಂಡು ಸುಮ್ನೆ ಕೂತ್ಕೊಳ್ಳಿ. ಕೂರುವುದಿಲ್ಲ, ಎದುರಿಗೆ ಗಡಿಯಾರ ಇದ್ದರೂ ಕಿವಿಯನ್ನೇ ನಂಬುತ್ತಾರೆ, ಹೇಡಿಗಳು. ಮತ್ತೆ ಹೋದ ವರ್ಷ — ಬೇಡ, ಈಗ ಅದು ಬೇಡ, ರೇಡಿಯೋದಲ್ಲಿ ಏನೋ ಅಂದರು, ಉತ್ತರ ಕೊಟ್ಟೆ, ಎತ್ತರ ಸರಿ, ವೇಗ ಸರಿ — ಹೋದ ವರ್ಷ ತಂಗಿಯನ್ನು ಕೂರಿಸಿಕೊಂಡು ಬರುವಾಗ ಮೋಡ ತಪ್ಪಿಸಲು ಹೋಗಿ ಮೋಡದೊಳಗೇ ಹೊಕ್ಕೆ, ಬಲಕ್ಕೆ ವಾಲಿದ್ದೀಯ ಅಂದಿತು ಮೀಟರು, ಇಲ್ಲ ನೇರ ಇದ್ದೀಯ ಅಂದಿತು ಕಿವಿ, ಕಿವಿಡಾಕ್ಟರು ಕಿವಿಯನ್ನೇ ನಂಬಿದಳು, ಮೋಡದ ಹೊಟ್ಟೆಯಿಂದ ಓರೆಯಾಗಿ ಹೊರಬಿದ್ದಾಗ ಆಕಾಶ ಇರಬೇಕಾದ ಕಿಟಕಿಯಲ್ಲಿ ಬರೀ ನೆಲ, ಒಬ್ಬ ಮನುಷ್ಯನ ಕೊಡೆ ಕಾಣುವಷ್ಟು ಹತ್ತಿರ. ತಂಗಿ ಕಿರುಚಲಿಲ್ಲ, ಶಾಲಿನೊಳಗೆ ವಾಂತಿ ಮಾಡಿಕೊಂಡಳು, ಇಳಿದು ಬಾಯಿ ತೊಳೆದುಕೊಂಡು ಬಂದು ಅಂದಳು, ಅಕ್ಕಾ, ಮೋಡಕ್ಕೆ ಅಂತಲೇ ಬೇರೆ ಪರೀಕ್ಷೆ ಇದೆಯಂತಲ್ಲ, ಮೊದಲು ಅದನ್ನ ಪಾಸು ಮಾಡು, ಅಲ್ಲೀವರೆಗೂ ನಿನ್ನ ಪಕ್ಕ ಬಸ್ಸಲ್ಲೂ ಕೂರಲ್ಲ ನಾನು. ಇಷ್ಟೇ ಅವಳ ಲೆಕ್ಕ, ಪರೀಕ್ಷೆ ಪಾಸಾದರೆ ಮನುಷ್ಯರು ಬದಲಾಗುತ್ತಾರೆ ಅಂತ ನಂಬುವ ಜನ, ಈಗಲೂ ಕ್ಲಬ್ಬಿನ ಕೋಣೆಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾಳೆ, ಪಾಸಾದರೆ ಇವತ್ತೇ ಗುಡ್ಡದಾಚೆಯ ಅವಳ ಮನೆಗೆ ವಿಮಾನದಲ್ಲಿ ಬಿಡಬೇಕು, ಫೇಲಾದರೆ ಬಸ್ಸಿನ ಟಿಕೇಟು ಈಗಾಗಲೇ ಪರ್ಸಿನಲ್ಲಿದೆ, ಅಕ್ಕನ ಮೇಲೆ ಅಷ್ಟೊಂದು ಭರವಸೆ.

ಇವೆರಡೂ ಕೆಟ್ಟೋದ್ವು ಅಂದ್ಕೊಳ್ಳಿ ಅಂದ, ಮೂಗು ಎಳೆದ, ಕೈ ಚಾಚಿ ಎದುರಿನ ಎರಡು ಮೀಟರುಗಳ ಮೇಲೆ ಎರಡು ರಬ್ಬರ್ ಬಿಲ್ಲೆ ಅಂಟಿಸಿದ, ವಾಲಿದ್ದೀಯ ಅಂತ ಹೇಳುವುದು ಒಂದು, ದಿಕ್ಕು ಹೇಳುವುದು ಇನ್ನೊಂದು, ಎರಡೂ ಹೋದವು, ಈಗ ರನ್‌ವೇ ಕಡೆಗೆ ಇಳಿಸಿ ಅಂದ. ಮಹಾ ಕಷ್ಟವೇನಲ್ಲ, ತಿರುವಿನ ಪುಟ್ಟ ಮೀಟರು ಇನ್ನೂ ಇದೆ, ಗಾಜಿನ ಬಳಿ ಬೇರೆಯೇ ಒಂದು ಹಳೇ ದಿಕ್ಸೂಚಿಯೂ ಇದೆ, ಕಿರುಚುವವನ ಜೊತೆ ಎಷ್ಟು ಸಲ ಮಾಡಿಲ್ಲ, ತಿರುಗಿಸಿದೆ, ನೇರ ಮಾಡಿದೆ, ನೇರ ಮಾಡಿದ ಮರುಕ್ಷಣ ಎಡಕ್ಕೆ ಬೀಳತೊಡಗಿದೆ, ಬೀಳುತ್ತಿಲ್ಲ, ನನಗೆ ಗೊತ್ತು, ಕೊಳವೆ ಗೊತ್ತು, ದ್ರವ ಗೊತ್ತು, ಹೆಸರು ಹೇಳಿ ಹೇಳಿ ಎಷ್ಟು ಮಂದಿಗೆ ಬುದ್ಧಿ ಹೇಳಿದ್ದೇನೆ, ಆದರೂ ಬೀಳುತ್ತಿದ್ದೇನೆ, ಪುಟ್ಟ ಮೀಟರು ನೇರ ನೇರ ಅನ್ನುತ್ತಿದೆ, ಅದಕ್ಕೇನು ಗೊತ್ತು, ಅದೂ ಕೆಟ್ಟಿರಬಹುದು, ಹಿಡಿದುಕೊಳ್ಳಲು ಕುರ್ಚಿಗೆ ಕೈಯೂ ಇಲ್ಲ, ಕೊಡೆ, ಆ ಮನುಷ್ಯನ ಕೊಡೆ, ಕಣ್ಣು ಕೆಳಗೆ ಜಾರಿತು, ಮರೆಯ ಅಂಚಿನ ಕೆಳಗೆ ನನ್ನ ಎಡ ಮೊಣಕಾಲು, ಮೊಣಕಾಲಿನ ಮೇಲೆ ಅಂಗೈಯಗಲ ಬಿಸಿಲು. ಪಕ್ಕದ ಕಿಟಕಿಯಿಂದ ಬಿದ್ದದ್ದು, ಪ್ಯಾಂಟಿನ ಹೊಲಿಗೆಗೆ ತಾಗಿಕೊಂಡು ನಿಂತಿದೆ, ವಿಮಾನ ತಿರುಗಿದರೆ ಸರಿಯುತ್ತದೆ, ತಿರುಗದಿದ್ದರೆ ನಿಲ್ಲುತ್ತದೆ, ವಾಲಿದರೂ ಹೇಳುತ್ತದೆ, ಅಷ್ಟು ಸುಲಭ. ಮೀಟರುಗಳನ್ನು ಬಿಟ್ಟೆ, ಬಿಸಿಲನ್ನು ಹಿಡಿದೆ, ಕೂದಲೆಳೆಯಷ್ಟು ಸರಿದರೆ ಕೂದಲೆಳೆಯಷ್ಟು ತಿದ್ದಿದೆ, ಹೊಲಿಗೆ ಬಿಟ್ಟು ಹೋಗಲು ಬಿಡಲಿಲ್ಲ, ಎತ್ತರಕ್ಕೊಮ್ಮೆ ಕಣ್ಣೆತ್ತಿ ಮತ್ತೆ ಹೊಲಿಗೆ, ಕಿವಿ ತೆಪ್ಪಗಾಯಿತು, ಪರೀಕ್ಷಕ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ, ಅವನ ಕಣ್ಣಿಗೆ ಮಣ್ಣೆರಚಲು ಮಣ್ಣೂ ಬೇಕಾಗಲಿಲ್ಲ. ತೆಗೀರಿ ಮರೆ ಅಂದ, ತೆಗೆದೆ, ರನ್‌ವೇ ಮೂಗಿನ ನೇರಕ್ಕೆ ಬಿದ್ದುಕೊಂಡಿತ್ತು.

ಕೈ ಕುಲುಕಿದ, ಒದ್ದೆ ಕೈ, ಬಿಲ್ಲೆ ಅಂಟಿಸಿದ ಮೇಲೆ ಎಲ್ರೂ ಹಾವಿನ ಥರ ಹೋಗ್ತಾರೆ ಡಾಕ್ಟ್ರೇ, ನೀವು ಗೆರೆ ಎಳೆದ ಹಾಗೆ ಬಂದ್ರಿ, ಅಂಥವರು ನನಗೆ ಸಿಕ್ಕೇ ಇಲ್ಲ ಅಂದ, ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಸಂಬಳ ಎಣಿಸಿದವನು, ಒಂದು ಮೊಣಕಾಲು ಕಾಣಲಿಲ್ಲ ಇವನಿಗೆ. ಕಿರುಚುವವನು ಓಡಿ ಬಂದ, ನಾನು ಹೇಳಿರ್ಲಿಲ್ವಾ, ಮೀಟರ್ ನಂಬಿದೋರು ಕೆಡಲ್ಲ ಅಂತ, ಹೇಳಿದ್ರಿ ಅಂದೆ, ನಕ್ಕೆ, ಎಷ್ಟು ಸಲೀಸಾಗಿ ನಕ್ಕೆ. ನಾಚಿಕೆಗೆಟ್ಟವಳು, ಇನ್ನು ಮೇಲೆ ಯಾವ ಮುಖ ಇಟ್ಟುಕೊಂಡು ರೋಗಿಗಳಿಗೆ ಗಡಿಯಾರ ತೋರಿಸುತ್ತೀ, ಗೋಡೆ ಹಿಡಿದು ಬರುವವರಾದರೂ ಹಿಡಿದದ್ದು ಗೋಡೆ ಅಂತ ಒಪ್ಪಿಕೊಳ್ಳುತ್ತಾರೆ. ತಂಗಿ ನನ್ನ ಮುಖ ನೋಡಿಯೇ ಎದ್ದಳು, ಪಾಸಾ, ಪಾಸು, ನಿಜವಾಗ್ಲೂ, ನಿಜವಾಗಲೂ, ಪರ್ಸಿನಿಂದ ಬಸ್ಸಿನ ಟಿಕೇಟು ತೆಗೆದು ನನ್ನೆದುರೇ ಹರಿದಳು, ಎರಡಾಗಿ, ನಾಲ್ಕಾಗಿ, ಕ್ಲಬ್ಬಿನ ಕಸದ ಡಬ್ಬಿಗೆ ಹಾಕಿ ಕೈ ಕೊಡವಿದಳು, ತಡಿಯೇ ಅನ್ನುವ ಬದಲು ಅವಳ ಚೀಲ ಎತ್ತಿಕೊಂಡೆ.

ಈಗ ಪಕ್ಕದಲ್ಲಿ ಕೂತಿದ್ದಾಳೆ, ಬೆಲ್ಟು ಬಿಗಿದುಕೊಂಡಿದ್ದಾಳೆ, ಎಂಜಿನ್ನು ಓಡುತ್ತಿದೆ, ಗುಡ್ಡದ ತಲೆ ಆಗಲೇ ಮೋಡದೊಳಗಿದೆ, ಮೋಡ ಈ ಕಡೆಗೇ ಬರುತ್ತಿದೆ, ಅವಳು ಅತ್ತ ನೋಡುತ್ತಲೂ ಇಲ್ಲ, ವರ್ಷವಿಡೀ ಬೆದರಿದವಳು ಸೀಟು ಹಿಂದಕ್ಕೆ ಸರಿಸಿ ಚಪ್ಪಲಿ ಬಿಚ್ಚಿ ಕಾಲು ಮಡಚಿಕೊಂಡಿದ್ದಾಳೆ, ಪೆದ್ದಿ, ಅಕ್ಕಾ, ಈಗ ಮೋಡ ಬಂದ್ರೂ ಏನೂ ಆಗಲ್ಲ ಅಲ್ವಾ ಅಂದಳು, ಪ್ರಶ್ನೆಯಲ್ಲ, ನಿದ್ದೆಗೆ ಮುಂಚಿನ ಮಾತು, ಉತ್ತರಕ್ಕೂ ಕಾಯದೆ ಕಣ್ಣು ಮುಚ್ಚಿದಳು, ಎಷ್ಟು ಹಗುರಾಗಿ ಮುಚ್ಚಿದಳು. ಹೇಳು, ಈಗಲೇ ಹೇಳು, ಆಗುತ್ತೆ ಕಣೇ, ಇಳಿ, ಇನ್ನೊಂದು ಬಸ್ಸಿದೆ, ನಿನ್ನ ಅಕ್ಕ ಇವತ್ತೂ ಮೀಟರು ನಂಬಲಿಲ್ಲ, ಮೋಡದೊಳಗೆ ಇಲ್ಲದ ಬಿಸಿಲನ್ನು ನಂಬಿದಳು — ಹೇಳಿದರೆ ಕಣ್ಣು ತೆರೆಯುತ್ತಾಳೆ, ತೆರೆದು ನನ್ನನ್ನು ನೋಡುತ್ತಾಳೆ, ನಾನು ಆ ಪರೀಕ್ಷಕನ ಮೂಗನ್ನು ನೋಡಿದ ಹಾಗೆ. ರೇಡಿಯೋ ಹೊರಡಬಹುದು ಅಂದಿತು, ಕೇಳಿಸಿತಾ ಅಂತ ಮತ್ತೆ ಅಂದಿತು, ಎಲ್ಲ ಮೀಟರುಗಳೂ ಸರಿಯಾಗಿವೆ, ಯಾವ ಬಿಲ್ಲೆಯೂ ಇಲ್ಲ, ಒಂದನ್ನೂ ನೋಡುತ್ತಿಲ್ಲ ನಾನು, ಮೊಣಕಾಲು ನೋಡುತ್ತಿದ್ದೇನೆ, ಹೊಲಿಗೆ, ಹೊಲಿಗೆಯ ಮೇಲೆ ಬಿಸಿಲು, ತೆಳ್ಳಗಾಗುತ್ತಿದೆ, ಅಂಚು ಮಾಸಿತು, ಇದೆಯಾ, ಇದೆ, ಹೊಲಿಗೆ, ಬಿಸಿಲು, ಹೊಲಿಗೆ, ಬರೀ ಹೊಲಿಗೆ.