ಹಂಡೆಯ ಮುಚ್ಚಳ

ನಮ್ಮ ಅಪ್ಪ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಒಂದು ಪ್ರಶ್ನೆ ಕೊಡುತ್ತಿದ್ದರು: ಭೂಮಿಗೆ ನೀರು ಎಲ್ಲಿಂದ ಬಂತು? ಅವರು ಕಾಲೇಜಿನಲ್ಲಿ ಭೂವಿಜ್ಞಾನದ ಮುಖ್ಯಸ್ಥರು. ಪ್ರೊಫೆಸರ್ ಕೃಷ್ಣಪ್ಪನವರ ಮನೆ ಅಂದರೆ ಒಂಟಿಕೊಪ್ಪಲಿನಲ್ಲಿ ಜಟಕಾದವರಿಗೂ ಗೊತ್ತಿತ್ತು. ಉತ್ತರವನ್ನೂ ಅವರೇ ಹೇಳುತ್ತಿದ್ದರು. ಭೂಮಿ ಕೆಂಡವಾಗಿದ್ದಾಗ ನೀರೆಲ್ಲ ಆವಿಯಾಗಿ ಮೇಲೆ ಕವಿದಿತ್ತು, ತಣ್ಣಗಾದ ಮೇಲೆ ಒಂದೇ ಸಮನೆ ಮಳೆ ಸುರಿದು ಸಮುದ್ರವಾಯಿತು. ಬಂದವರು ತಲೆಯಾಡಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಅಮ್ಮನೂ ತಲೆಯಾಡಿಸುತ್ತಿದ್ದಳು, ಏನೂ ಅರ್ಥವಾಗದೆ. ನಾನೂ ಅಷ್ಟೆ.

ನನ್ನನ್ನು ನೋಡಲು ಬಂದ ಗಂಡುಗಳೂ ಒಬ್ಬರಾದ ಮೇಲೊಬ್ಬರು ತಲೆಯಾಡಿಸಿದರು. ಕೊನೆಗೆ ಬಂದವರು ಇವರು. ಅಪ್ಪನ ಕೈಕೆಳಗೆ ಆಗಷ್ಟೇ ಸೇರಿದ್ದ ಟೆಂಪರರಿ ಲೆಕ್ಚರರ್, ಹಿಂದುಮುಂದು ಯಾರೂ ಇಲ್ಲದವರು. ಚಕ್ಕುಲಿ ಮುರಿಯುತ್ತಾ, ‘ಅದು ಹಾಗಿರಲಾರದು ಸರ್’ ಅಂದುಬಿಟ್ಟರು. ನೀರು ಕಲ್ಲಿನ ಒಳಗೇ ಇತ್ತಂತೆ. ಜ್ವಾಲಾಮುಖಿ, ಬಿಸಿನೀರಿನ ಬುಗ್ಗೆ ಇವುಗಳಿಂದ ಕೋಟ್ಯಂತರ ವರ್ಷ ಸ್ವಲ್ಪಸ್ವಲ್ಪವೇ ಹೊರಗೆ ಬಂತಂತೆ. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ಅಪ್ಪನಿಗೆ ಎದುರು ಮಾತಾಡಿದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ‘ಇವರೇ ಆಗಲಿ’ ಅಂತ ಅಮ್ಮನ ಕಿವಿಯಲ್ಲಿ ಹೇಳಿದೆ. ಅಪ್ಪನೂ ಒಪ್ಪಿದರು, ತಿದ್ದಿಕೊಳ್ಳಬಹುದು ಅಂದುಕೊಂಡು.

ಮದುವೆಯಾದ ಮೇಲೆ ಬೇರೆ ಮನೆ ಹಿಡಿಯೋಣ ಅಂದರೆ, ‘ಹಿಂದಿನ ರೂಮು ಖಾಲಿ ಇದೆಯಲ್ಲ’ ಅಂದರು ಅಪ್ಪ. ಅಲ್ಲಿಗೆ ನಾನು ಹುಟ್ಟಿದ ಮನೆಯಲ್ಲೇ ಉಳಿದೆ, ಇವರೂ ಬಂದು ಸಿಕ್ಕಿಕೊಂಡರು. ಆದರೆ ಇವರು ನನಗೆ ಮಾತು ಕೊಟ್ಟಿದ್ದರು. ದೀಪಾವಳಿ ಕಳೆದ ಮೇಲಿನ ಸೋಮವಾರ ಕಾಲೇಜಿನ ಸಭೆಯಲ್ಲಿ ತಮ್ಮ ಅಭಿಪ್ರಾಯವನ್ನೇ ಪ್ರಬಂಧವಾಗಿ ಓದುತ್ತೇನೆ ಅಂತ. ಅಪ್ಪ ಮುನಿಸಿಕೊಂಡು ಕೆಲಸ ಹೋದರೆ ಹೋಗಲಿ, ನಂಜನಗೂಡಿನ ಹೈಸ್ಕೂಲಿನಲ್ಲಿ ಒಂದು ಜಾಗ ಖಾಲಿ ಇದೆ. ನಾನು ಮನಸ್ಸಿನಲ್ಲೇ ಪಾತ್ರೆಪಡಗ ಜೋಡಿಸಿಕೊಂಡಿದ್ದೆ.

ಅರವತ್ತಮೂರರ ಆ ನೀರು ತುಂಬುವ ಹಬ್ಬದ ಸಂಜೆ ನಾನೇ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕತ್ತಿಗೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದೆ. ಮಾರನೆಯ ಬೆಳಿಗ್ಗೆ ಅಮ್ಮ ಹೊಸ ಅಳಿಯನನ್ನು ಬಚ್ಚಲುಮನೆಯ ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ತಲೆಗೆ ಎಣ್ಣೆಯಿಟ್ಟು ಒಳಗೆ ಹೋದಳು. ನೀರು ಹುಯ್ಯಲು ನಾನು ಹಂಡೆಯ ಪಕ್ಕ ನಿಂತೆ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ತುಂಡು ಪಂಚೆಯಲ್ಲಿ ಕೂತ ಅಳಿಯ ಎಲ್ಲಿಗೂ ಏಳುವ ಹಾಗಿಲ್ಲ. ಅಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಸ್ಟೂಲು ತಂದು ಬಾಗಿಲಿಗೆ ಅಡ್ಡವಾಗಿ ಕೂತರು.

‘ಸೋಮವಾರ ಏನು ಓದ್ತೀರಿ ದೇವರಾಜು?’

‘ಅದೇ ಮಾವ... ಕಲ್ಲಿನ ಒಳಗಿಂದ...’ ಇವರು ಕಣ್ಣು ಕಿರಿದು ಮಾಡಿಕೊಂಡು ಬಚ್ಚಲ ಗೋಡೆಯ ಚಪ್ಪಡಿ ತೋರಿಸಿದರು. ಅದರ ಮೇಲೆ ನೀರು ಇಳಿಯುತ್ತಿತ್ತು. ‘ನೋಡಿ, ಹೀಗೆ ಒಸರಿದ ಹಾಗೆ.’

ತೋರಿಸಲು ಇವರಿಗೆ ಬೇರೆ ಏನೂ ಸಿಗಲಿಲ್ಲವೇ ಅನ್ನಿಸಿತು. ಅಪ್ಪ ನಕ್ಕರು. ‘ಅದು ಕಲ್ಲಿಂದ ಬಂದಿದ್ದಲ್ಲ ಕಣ್ರೀ. ಹಂಡೆ ಆವಿ ತಣ್ಣನೆ ಕಲ್ಲಿಗೆ ತಾಗಿ ನೀರಾಗಿದೆ. ನನ್ನ ಮಾತನ್ನೇ ನೀವು ಹೇಳ್ತಾ ಇದ್ದೀರಿ.’ ಕೈ ಚಾಚಿ ಹಂಡೆಯ ಮುಚ್ಚಳ ಎತ್ತಿದರು. ಅದರ ಅಡಿಯಿಂದ ಹನಿಗಳು ತೊಟತೊಟ ಬಿದ್ದವು. ‘ಇಷ್ಟೇ ಸಮುದ್ರ. ಈಗ ಇನ್ಯಾರೋ ಒಬ್ಬ, ನೀರನ್ನ ಧೂಮಕೇತುಗಳು ಹೊತ್ತು ತಂದ್ವು ಅಂತಾನಂತೆ. ಅದನ್ನೂ ಓದ್ಬುಡಿ. ನಿಮ್ಮ ಕೆಲಸ ಖಾಯಂ ಮಾಡಿ ಅಂತ ಶಿಫಾರಸು ಮಾಡೋನು ನಾನು. ನಾನೇನು ಮಾಡ್ಲಿ, ನೀವೇ ಹೇಳಿ.’

ಇವರು ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ.

‘ಅಪ್ಪ, ಬಚ್ಚಲ ಕಲ್ಲಿನ ಮಾತು ಬಿಡಿ. ಅಷ್ಟೂ ನೀರು, ಅದರ ಜೊತೆಗಿನ ಇಂಗಾಲದ ಅನಿಲ ಎಲ್ಲ ಒಟ್ಟಿಗೇ ಮೇಲಿದ್ದಿದ್ರೆ, ಆ ಅನಿಲ ಮಳೇಲಿ ಕರಗಿ ಕೆಳಗಿಳಿದು, ಹಳೇ ಬಂಡೆಗಳಲ್ಲಿ ಎಷ್ಟೊಂದು ಸುಣ್ಣಕಲ್ಲು ಆಗಿರಬೇಕಿತ್ತು. ಅದೆಲ್ಲಿದೆ?’

ಅಪ್ಪ ಮುಚ್ಚಳ ಹಿಡಿದುಕೊಂಡೇ ನನ್ನನ್ನು ನೋಡಿದರು. ನಾನು ಮಾತಾಡಬಲ್ಲೆ ಅನ್ನುವುದು ಅವರಿಗೆ ಅವತ್ತೇ ತಿಳಿದಂತಿತ್ತು. ‘ಇದನ್ನ ನಿನಗೆ ಹೇಳಿಕೊಟ್ಟೋರು ಯಾರಮ್ಮ?’ ಕೇಳಿದ್ದು ನನ್ನನ್ನು, ನೋಡಿದ್ದು ಇವರನ್ನು.

ಹೇಳಿಕೊಟ್ಟವರು ಇವರೇ. ಊಟವಾದ ಮೇಲೆ ಹಿಂದಿನ ರೂಮಿನಲ್ಲಿ ಚಾಪೆಯ ಮೇಲೆ ಕೂತು, ಎಲೆಅಡಿಕೆ ತಟ್ಟೆಯನ್ನೇ ಭೂಮಿ ಮಾಡಿಕೊಂಡು, ದಿನವೂ. ಆಗ ಇವರ ಮುಖ ಎಷ್ಟು ಬೆಳಗುತ್ತಿತ್ತು. ‘ನಾನೇ’ ಅಂದಿದ್ದರೆ ಸಾಕಿತ್ತು. ಚೊಂಬು ಹಿಡಿದು ಕಾದೆ.

‘ನಾನಲ್ಲ ಮಾವ’ ಅಂದರು ಇವರು. ‘ಆವಿ ಅನ್ನೋದೇ ಸರಿ ಕಾಣುತ್ತೆ.’

ಅಪ್ಪನ ಮುಖ ಸಡಿಲವಾಯಿತು. ಮುಚ್ಚಳವನ್ನು ಹಂಡೆಯ ಮೇಲೆ ಇಟ್ಟು ಎದ್ದರು. ‘ಮಹಡಿ ಮೇಲೆ ನಿಮಗೊಂದು ರೂಮು ಎತ್ತಿಸ್ತೀನಿ. ಇಬ್ರೂ ಇಲ್ಲೇ ಇದ್ಬುಡಿ. ನೀರು ಹುಯ್ಯಮ್ಮ, ಆರಿಹೋಗುತ್ತೆ.’

ಹುಯ್ದೆ. ಸೀಗೆಪುಡಿ ಹಾಕಿ ತಿಕ್ಕಿದೆ, ಮತ್ತೆ ಹುಯ್ದೆ. ಎಷ್ಟು ಹುಯ್ದರೂ ಎಣ್ಣೆ ಬಿಡಲಿಲ್ಲ.

‘ಕಣ್ಣು ಉರೀತಿದೆ ಚಾಮು’ ಅಂದರು ಇವರು, ಮೆಲ್ಲಗೆ.

ನನ್ನ ಕಣ್ಣೂ ಉರಿಯುತ್ತಿತ್ತು, ಸೀಗೆಪುಡಿ ಬೀಳದೆಯೇ. ಇವರೇ ಆಗಲಿ ಅಂದವಳು ನಾನೇ. ಒಳಗಿನಿಂದ ಅಪ್ಪ, ಹಬ್ಬಕ್ಕೆ ಬಂದ ಯಾರನ್ನೋ ಕೇಳುತ್ತಿದ್ದರು, ಭೂಮಿಗೆ ನೀರು ಎಲ್ಲಿಂದ ಬಂತು ಅಂತ.