ಬೆನ್ನಿನ ಕೆಲಸ

ಗಂಡನ ಬಲಗೈ ಹೆಬ್ಬೆರಳಿನ ಉಗುರುಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ರೆಸಿನ್ನನ್ನು ಸುನಂದ ಪಿನ್ನಿನಿಂದ ಕೆರೆದು ತೆಗೆಯುತ್ತಿದ್ದಳು. ಕೆನೆಬಣ್ಣದ ಆ ಅಂಟು ಒಮ್ಮೆ ಒಣಗಿತೆಂದರೆ ಸೋಪಿಗೂ ಜಗ್ಗುವುದಿಲ್ಲ, ಸೀಮೆಎಣ್ಣೆಗೂ ಜಗ್ಗುವುದಿಲ್ಲ. ಊಟಕ್ಕೆ ಕೂತಾಗಲೆಲ್ಲ ಆ ಉಗುರು ನೋಡಿ ಬೈದವಳು ಅವಳೇ. ಬೈಸಿಕೊಂಡು ನಗುತ್ತಿದ್ದವನು ಈಗ ಜಗುಲಿಯ ಚಾಪೆಯ ಮೇಲೆ ಕಣ್ಣುಮುಚ್ಚಿ ಮಲಗಿದ್ದ.

"ಬಿಡೇ ಸುನಂದಾ, ನೀರು ಹುಯ್ಯೋ ಹೊತ್ತಾಯ್ತು," ಎಂದಳು ಸತ್ತವನ ಸೋದರತ್ತೆ ಮುತ್ಯಾಲಮ್ಮ. "ಉಗುರು ನೋಡಿ ಮೇಲೆ ಯಾರೂ ಇವನನ್ನ ವಾಪಸ್ ಕಳಿಸಲ್ಲ, ತಾಯೀ."

"ಮೇಲಿನೋರ ಚಿಂತೆ ಯಾರಿಗೆ, ಅತ್ತೇ? ನೋಡೋರು ಇಲ್ಲೇ ಎದುರಿಗಿದಾರಲ್ಲ."

ಮುತ್ಯಾಲಮ್ಮ ತಲೆಯೆತ್ತಿ ಬೀದಿಯ ಆಚೆ ನೋಡಿದಳು. ಅಲ್ಲಿ ತಗಡಿನ ಶೆಡ್ಡಿನ ಮುಂದೆ ಸತ್ತವನ ಅಣ್ಣ ಚನ್ನರಾಯಾಚಾರಿ ಕೈಕಟ್ಟಿ ನಿಂತಿದ್ದ. ಅವನ ಹಿಂದೆ ಲಾರಿಗಾಗಿ ಕಾಯುತ್ತಿದ್ದ ಕಲ್ಲಿನ ದೇವರುಗಳು ಈ ಕಡೆ ಬೆನ್ನು ಮಾಡಿಕೊಂಡು ಸಾಲಾಗಿ ನಿಂತಿದ್ದವು. ಶಿವಾರಪಟ್ಟಣದಲ್ಲಿ ಸಾವಾಗಲಿ ಮದುವೆಯಾಗಲಿ ದೇವರುಗಳ ಮಧ್ಯೆಯೇ ನಡೆಯಬೇಕು, ಬೇರೆ ಜಾಗವಿಲ್ಲ.

ಕೋದಂಡಾಚಾರಿಯ ಉಸಿರು ಹಿಂದಿನ ದಿನ ಸಂಜೆ ಕೋಲಾರದ ಆಸ್ಪತ್ರೆಯಲ್ಲಿ ನಿಂತಿತ್ತು. ಹೆಣ ಮನೆಗೆ ಬಂದಾಗಿನಿಂದ ಸುನಂದಳಿಗೆ ಅಳುವಿಗಿಂತ ಹೆಚ್ಚಾಗಿ ಕಾಡುತ್ತಿದ್ದದ್ದು ಒಂದೇ ವಿಚಾರ, ಗಂಡನ ಬಲಗೈ. ಆ ಮನೆತನದಲ್ಲಿ ಕೆತ್ತುವವನು ಸತ್ತರೆ ಅವನ ಉಳಿಯನ್ನು ಬಲಗೈಗೆ ಕೊಟ್ಟೇ ಮಣ್ಣು ಮಾಡುವುದು. ಕೊಡುವ ಮುಂಚೆ ಮನೆಯ ಹಿರಿಯ ಅದರ ಮೊನೆಯನ್ನು ಕಲ್ಲಿನ ಮೇಲಿಟ್ಟು ಹೊಡೆದು ಮುರಿಯಬೇಕು. ಕೆಲಸ ಸಾಕು, ಇನ್ನು ಮಲಕ್ಕೋ ಎಂದು ಅದರ ಅರ್ಥ. ಮಾವನ ಕೈಗೆ ಹಾಗೆ ಉಳಿ ಕೊಟ್ಟದ್ದನ್ನು ಸುನಂದ ಕಣ್ಣಾರೆ ನೋಡಿದ್ದಳು. ಈಗ ಮನೆಗೆ ಹಿರಿಯನೆಂದರೆ ಚನ್ನರಾಯಾಚಾರಿ, ಮತ್ತು ಅವನು ಬೆಳಿಗ್ಗೆಯೇ ಒಂದು ಮಾತು ಹೇಳಿ ಮುಗಿಸಿದ್ದ.

"ಕಲ್ಲು ಬಿಟ್ಟೋನಿಗೆ ಉಳಿ ಇಡೋ ಪದ್ಧತಿ ನಮ್ಮಲ್ಲಿಲ್ಲಮ್ಮ. ಮಿಕ್ಕಿದ್ದೆಲ್ಲ ಯಾವುದಕ್ಕೂ ಕಮ್ಮಿ ಇಲ್ದಂಗೆ ಮಾಡ್ತೀನಿ."

"ಅವರಾಗೇ ಬಿಡ್ಲಿಲ್ಲ ಬಾವಾ. ಎದೆ ಬಿಡಿಸ್ತು."

"ಹೆಂಗೆ ಬಿಟ್ರೂ ಬಿಟ್ಟಿದ್ದೇ ಅಲ್ವಾ."

ಪದ್ಧತಿಯ ಮೇಲೆ ಸುನಂದಳಿಗೆ ಅಂಥಾ ಮೋಹವೇನೂ ಇರಲಿಲ್ಲ, ನಿಜ. ಆದರೆ ಬರಿಗೈಯಲ್ಲಿ ಗುಂಡಿಗೆ ಇಳಿಸಿದರೆ ಊರಿಗೆ ಊರೇ ನೋಡುತ್ತದೆ. ಕಲ್ಲು ಬಿಟ್ಟ ಮೇಲೆ ಈ ಮನುಷ್ಯ ಬದುಕಿದ್ದ ವರ್ಷಗಳೆಲ್ಲ ದಂಡವಾಯಿತು ಎಂದು ಹೇಳಿದಂತಾಗುತ್ತದೆ.

*

ಕೆಮ್ಮು ಹತ್ತಿಕೊಂಡ ವರ್ಷ ಡಾಕ್ಟರು ಎದೆಯ ಎಕ್ಸರೇ ಬೆಳಕಿಗೆ ಹಿಡಿದು, "ಏನ್ರೀ ಇದು, ಒಳಗಡೆ ಅರ್ಧ ಕಲ್ಲೇ ಇದೆ. ಇನ್ನು ಶೆಡ್ಡಿನ ಹತ್ರ ಸುಳಿದ್ರೆ ನನ್ ಹತ್ರ ಬರಬೇಡಿ," ಎಂದಿದ್ದರು. ಕೋದಂಡಾಚಾರಿ ಮನೆಗೆ ಬಂದು ಜಗುಲಿಯಲ್ಲಿ ಕೂತ. ಕೂತೇ ಇದ್ದ. ಕೈ ಸುಮ್ಮನಿರದೆ ಬಳಪದ ಕಲ್ಲನ್ನು ನೀರಲ್ಲಿ ನೆನೆಸಿಟ್ಟುಕೊಂಡು ಹೆಬ್ಬೆರಳ ಗಾತ್ರದ ಆಂಜನೇಯನನ್ನು ಕೆತ್ತಿದ. ಒದ್ದೆ ಕಲ್ಲು ದೂಳಾಗುವುದಿಲ್ಲ ಎಂದು ಹೆಂಡತಿಗೆ ಸಮಜಾಯಿಷಿ ಬೇರೆ.

ಆ ಆಂಜನೇಯನನ್ನು ಕಂಡವನು ಮಾಲೂರಿನ ಚಂದ್ರಮೋಹನ್. ವಾಯುಸೇನೆಯಿಂದ ರಿಟೈರಾಗಿ ಬಂದಿದ್ದ, ಹೊಸ ಮನೆಯ ಗೇಟಿಗೊಂದು ಗಣಪತಿ ಬೇಕೆಂದು ಊರು ಸುತ್ತುತ್ತಿದ್ದ. ಗಣಪತಿಯನ್ನು ಮರೆತು ಜಗುಲಿಯ ಮೇಲೆ ಕೂತುಬಿಟ್ಟ. ಮುಂದಿನ ವಾರ ಕೈಯಲ್ಲೊಂದು ಪ್ಲಾಸ್ಟಿಕ್ ಯುದ್ಧವಿಮಾನ ಹಿಡಿದು ಬಂದ. ಗೇಣುದ್ದದ ಮಿಗ್.

"ಇದರ ಬಿಡಿಭಾಗ ಡಬ್ಬೀಲಿ ಬರ್ತದೆ ಆಚಾರ್ರೇ, ನಾವೇ ಜೋಡಿಸಿ ಬಣ್ಣ ಹೊಡೀತೀವಿ. ನನ್ನಂಥಾ ಹುಚ್ಚರು ದೇಶದ ತುಂಬ ಇದಾರೆ. ಮೇಲೆಲ್ಲ ಚೆನ್ನಾಗಿರ್ತದೆ, ಒಳಗೆ ಪೈಲಟ್ ಕೂರೋ ಸೀಟು ನೋಡಿ. ಇಡ್ಲಿ ಇಟ್ಟಂಗಿದೆ."

ಸೇನೆಯಲ್ಲಿ ಚಂದ್ರಮೋಹನ್ ನೋಡಿಕೊಳ್ಳುತ್ತಿದ್ದದ್ದು ಆ ಸೀಟುಗಳನ್ನೇ. ವಿಮಾನ ಕೆಟ್ಟರೆ ಪೈಲಟ್ಟನ್ನು ತನ್ನ ಸಮೇತ ಆಕಾಶಕ್ಕೆ ಚಿಮ್ಮಿಸಿ ಉಳಿಸುವ ಸೀಟು. ಅದರ ಬೆಲ್ಟು, ಹಿಡಿ, ಪಟ್ಟಿ, ಎಲ್ಲದರ ಫೋಟೋ ತಂದಿದ್ದ. ಇಡ್ಲಿಯನ್ನು ಕಿತ್ತು ಅದರ ಜಾಗದಲ್ಲಿ ಕೂರಿಸಲು ನಿಜವಾದದ್ದರ ಹಾಗೇ ಇರುವ, ಉಗುರಗಲದ ಒಂದು ಸೀಟು ಬೇಕಿತ್ತು ಅವನಿಗೆ.

ಕೋದಂಡಾಚಾರಿ ಫೋಟೋಗಳನ್ನು ತಿರುವಿ ತಿರುವಿ ನೋಡಿದ. "ಇದರಲ್ಲಿ ಕೂತೋನು ಬದುಕ್ತಾನಾ ಸಾರ್?"

"ಸೀಟು ಸರಿಯಾಗಿದ್ರೆ ಬದುಕ್ತಾನೆ."

"ಹಂಗಾದ್ರೆ ಇದು ಸೀಟಲ್ಲ, ಪೀಠ," ಎಂದ. ಅಂದೇ ಸುನಂದಳ ಹೊಲಿಗೆಯ ಸೂಜಿಯೊಂದನ್ನು ಸಾಣೆ ಹಿಡಿದು ಬೇವಿನ ಕಡ್ಡಿಗೆ ಕೂರಿಸಿಕೊಂಡ. ಅವಳ ಒಳ್ಳೆಯ ಸೂಜಿಯೇ ಆಗಬೇಕಿತ್ತು ಅದಕ್ಕೆ.

ಹಾಗೆ ಶುರುವಾಯಿತು. ಒಂದು ಸೀಟು ಕೆತ್ತುವುದು, ಅದಕ್ಕೆ ರಬ್ಬರಿನ ಅಚ್ಚು ತೆಗೆಯುವುದು, ಅಚ್ಚಿಗೆ ರೆಸಿನ್ ಹುಯ್ದು ಬೇಕಾದಷ್ಟು ಸೀಟು ಮಾಡುವುದು. ಮಗಳು ತ್ರಿವೇಣಿ ಅವನ್ನು ಬೆಂಕಿಪೆಟ್ಟಿಗೆಗಳಲ್ಲಿ ಹತ್ತಿ ಹಾಕಿ ಪುಣೆಗೆ, ಕಲ್ಕತ್ತೆಗೆ ಕಳಿಸುತ್ತಿದ್ದಳು. ಚನ್ನರಾಯಾಚಾರಿ ಒಂದು ದಿನ ಬಂದು ನಿಂತು ನೋಡಿದ.

"ಒಂದು ಕೆತ್ತಿ ನೂರು ಹುಯ್ಯೋದು ಶಿಲ್ಪ ಏನೋ? ಅಂಥಾ ಅಪ್ಪನ ಮಗ ಬೊಂಬೆ ಅಂಗಡಿ ಇಟ್ಟ ಅಂತಾರೆ ಜನ."

ಅಣ್ಣ ಗೂಡಿನಲ್ಲಿದ್ದ ತಮ್ಮನ ಉಳಿಯನ್ನು ತೆಗೆದುಕೊಂಡು, "ಇದು ಕೆಲಸ ಇರೋ ಕಡೆ ಇರಲಿ," ಎಂದು ಶೆಡ್ಡಿಗೆ ನಡೆದ. ಆಮೇಲೆ ಅವನು ಈ ಹೊಸಿಲು ತುಳಿದದ್ದು ಹೆಣ ಬಂದ ಮೇಲೇ.

*

ನೀರು ಹುಯ್ದದ್ದಾಯಿತು. ಹೊಸ ಪಂಚೆ ಉಡಿಸಿ, ವಿಭೂತಿ ಬಳಿದು ಅಂಗಳದಲ್ಲಿ ಮಲಗಿಸಿದರು. ಕೆರೆಯ ಹತ್ತಿರ ಗುಂಡಿ ತೋಡಿ ಮುಗಿಯಿತೆಂದು ಸುದ್ದಿ ಬಂತು. ಲಕ್ಕೂರು, ಟೇಕಲ್ಲಿನಿಂದ ಬಂದಿದ್ದ ನೆಂಟರು ಹೊರಡೋಣವೆಂದು ಎದ್ದು ನಿಂತರು. ಸುನಂದ ಗಂಡನ ಬಲಗೈ ಬಿಡಲಿಲ್ಲ.

"ಅಮ್ಮಾ," ತ್ರಿವೇಣಿ ಕಿವಿಯ ಹತ್ತಿರ ಬಗ್ಗಿದಳು, "ದೊಡ್ಡಪ್ಪನ್ನ ನಾನು ಕೇಳಲಾ?"

"ಬೇಡ ಕಣೇ. ಬೇಡಿ ಇಸ್ಕೊಂಡ ಉಳಿ ನಿಮ್ಮಪ್ಪನ ಕೈಗೆ ಬೇಡ."

ಅಷ್ಟರಲ್ಲಿ ಬೀದಿಯಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಚಂದ್ರಮೋಹನ್ ಒಳಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ, ಗಡ್ಡ ಮಾತ್ರ ಬೋಳಿಸಿರಲಿಲ್ಲ. ಹೆಣದ ಮುಂದೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯಲು ಕೈಯೆತ್ತಿದವನು ಅರ್ಧಕ್ಕೇ ಇಳಿಸಿ ಕೈಮುಗಿದ. ಆಮೇಲೆ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು, ಅದರೊಳಗಿನ ಸೀಟನ್ನು ಅಂಗೈಗೆ ಹಾಕಿಕೊಂಡು ಬಗ್ಗಿದ.

"ಅಮ್ಮಾ, ಇದು ಆಚಾರ್ರು ಕೈಯಾರೆ ಕೆತ್ತಿದ ಮೊದಲನೇ ಸೀಟು. ಅಚ್ಚಲ್ಲಿ ಹುಯ್ದದ್ದಲ್ಲ. ನನ್ನ ಹತ್ರಾನೇ ಇಟ್ಕೊಂಡಿದ್ದೆ. ಅವರ ಜೊತೆ ಹೋಗಲಿ ಅಂತ..."

"ಸ್ವಾಮೀ," ಎಂದ ಚನ್ನರಾಯಾಚಾರಿ, ಬೀದಿ ದಾಟಿ ಬಂದು. "ಆಟದ ಸಾಮಾನು ಹೆಣದ ಮೇಲೆ ಇಡಬಾರದು. ತಗೊಳ್ಳಿ, ವಾಪಸ್ ಇಟ್ಕೊಳ್ಳಿ."

ಹೇಳುತ್ತಲೇ ಚಂದ್ರಮೋಹನನ ಅಂಗೈಯಿಂದ ಸೀಟನ್ನು ಎತ್ತಿಕೊಂಡ. ಕಲ್ಲಿನ ಕೆಲಸದವರಿಗೊಂದು ಚಾಳಿಯುಂಟು. ಯಾರು ಕೆತ್ತಿದ ಮೂರ್ತಿಯೇ ಆಗಲಿ ಕೈಗೆ ಸಿಕ್ಕರೆ ಮೊದಲು ತಿರುಗಿಸಿ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಮುಖ ನೋಡುವುದು ಆಮೇಲೆ. ಚನ್ನರಾಯಾಚಾರಿಯ ಹೆಬ್ಬೆರಳು ಅವನನ್ನು ಕೇಳದೆಯೇ ಆ ಸೀಟನ್ನು ತಿರುಗಿಸಿತು. ಬೆನ್ನಿನ ಮೇಲೆ ಆಡಿ ಅಲ್ಲೇ ನಿಂತಿತು.

*

ದೇವರ ಬೆನ್ನು ಗರ್ಭಗುಡಿಯ ಗೋಡೆಗೆ ಅಂಟಿಕೊಂಡಿರುತ್ತದೆ, ಪೂಜಾರಿಯೂ ನೋಡುವುದಿಲ್ಲ. ಆದರೂ ಈ ಅಣ್ಣತಮ್ಮಂದಿರ ಅಪ್ಪ ಮುಖಕ್ಕಿಂತ ಹೆಚ್ಚು ದಿನ ಬೆನ್ನಿಗೆ ತೆಗೆದುಕೊಳ್ಳುತ್ತಿದ್ದ. ಜಡೆಯ ಹೆಣಿಗೆ, ಹಾರದ ಗಂಟು, ಉಡಿದಾರದ ತುದಿ, ಎಲ್ಲ ಮುಗಿಯಬೇಕು. "ಯಾರು ನೋಡ್ತಾರಪ್ಪಾ?" ಎಂದು ಚಿಕ್ಕ ವಯಸ್ಸಿನ ಚನ್ನರಾಯ ಕೇಳಿದರೆ, "ಕೆತ್ತಿದೋನು ನೋಡಿರ್ತಾನಲ್ಲ," ಎನ್ನುತ್ತಿದ್ದ. ಆ ಮನೆಯಲ್ಲಿ ಕೆಲಸ ಮುಗಿಯಿತೇ ಎಂದು ಕೇಳಲು "ಬೆನ್ನಾಯ್ತಾ?" ಎಂಬುದೇ ಮಾತು. ಸುನಂದ ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅಡಿಗೆಮನೆಗೆ ಇಣುಕಿ, "ಸಾರು ಬೆನ್ನಾಯ್ತೇನಮ್ಮಾ?" ಎಂದಾಗ ಅವಳು ಕಕ್ಕಾಬಿಕ್ಕಿಯಾಗಿದ್ದಳು.

ಸೀಟಿನ ವಿಷಯದಲ್ಲಿ ಇದೇ ಒಂದು ಎಡವಟ್ಟಾಯಿತು. ವಿಮಾನದ ಒಳಗೆ ಸೀಟಿನ ಬೆನ್ನನ್ನು ಗೋಡೆಗೆ ಅಂಟಿಸುತ್ತಾರೆ. ಅದಕ್ಕೆಂದೇ ಇಂಥ ಸೀಟು ಮಾಡುವ ಬೇರೆಯವರೆಲ್ಲ ಬೆನ್ನನ್ನು ಚಪ್ಪಟೆ ಬಿಡುವುದು. ಕೋದಂಡಾಚಾರಿ ಕೊಳವೆ, ಕೊಂಡಿ, ಮೊಳೆಗಳನ್ನೆಲ್ಲ ಬೆನ್ನಿಗೂ ಕೆತ್ತಿದ. ಸೀಟು ಗೋಡೆಗೆ ಕೂರಲಿಲ್ಲ. ಚಂದ್ರಮೋಹನ್ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದಿದ್ದ.

"ಬೆನ್ನು ಉಜ್ಜಿ ಚಪ್ಪಟೆ ಮಾಡ್ಕೊಂಡು ಅಂಟಿಸ್ತಿದಾರೆ ಆಚಾರ್ರೇ ಎಲ್ರೂ. ಉಪ್ಪುಕಾಗದ ಸವೀತಿದೆ. ಕಾಣದೇ ಇರೋ ಬೆನ್ನು ಬಿಡಿ, ನಿಮಗೂ ಸಲೀಸು."

ಉಜ್ಜುತ್ತಿದ್ದಾರೆ ಎಂದು ಕೇಳಿ ಕೋದಂಡಾಚಾರಿಯ ಮುಖ ಇಳಿದುಹೋಯಿತು. ಆ ರಾತ್ರಿ ಊಟ ಸೇರಲಿಲ್ಲ. ಸುನಂದ ಕೂಡ ಹೇಳಿ ನೋಡಿದಳು, "ಬಿಟ್ಬಿಡ್ರೀ, ಯಾರಿಗೂ ಬೇಡದ್ದು ನಿಮಗ್ಯಾಕೆ?"

"ಬೆನ್ನು ಬಿಟ್ಟು ಕಲಿತಿಲ್ಲ ಕಣೇ ನಾನು. ಅಣ್ಣ ನೋಡಿದ್ರೆ ಏನಂತಾನೆ?"

"ನಿಮ್ಮಣ್ಣ ಇದನ್ನ ಎಲ್ಲಿ ನೋಡ್ತಾರೆ!"

"ನೋಡಿದ್ರೆ ಅಂದೆ."

ಸೀಟಿನ ಬೆನ್ನು ಹಾಗೇ ಉಳಿಯಿತು. ಬದಲಿಗೆ ಅದರ ಹಿಂದಿನ ಗೋಡೆಯನ್ನೇ ಹೊಸದಾಗಿ ಕೆತ್ತಿದ. ಬೆನ್ನಿನ ಪ್ರತಿ ಉಬ್ಬಿಗೂ ಗೋಡೆಯಲ್ಲೊಂದು ತಗ್ಗು. ಸೀಟಿನ ಜೊತೆ ಗೋಡೆಯೂ ಬೆಂಕಿಪೆಟ್ಟಿಗೆಯಲ್ಲಿ ಹೋಗತೊಡಗಿತು. ಕೆಲಸ ಎರಡರಷ್ಟಾಯಿತು, ಉಜ್ಜುವುದು ನಿಂತಿತು.

*

"ಭೂತಗನ್ನಡಿ ಇದೆಯೇನಮ್ಮ?" ಎಂದು ಚನ್ನರಾಯಾಚಾರಿ ಕೇಳಿದ.

ತ್ರಿವೇಣಿ ಓಡಿ ಹೋಗಿ ಅಪ್ಪನ ಭೂತಗನ್ನಡಿ ತಂದಳು. ಅವನು ಸೀಟನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಹೊರಡಲು ಎದ್ದವರು ಒಬ್ಬೊಬ್ಬರಾಗಿ ಮತ್ತೆ ಕೂತರು. ಕನ್ನಡಿ ಇಳಿಸಿ ತಲೆಯೆತ್ತಿದಾಗ ಅವನ ಕಣ್ಣು ಬೀದಿಯಾಚೆಯ ತನ್ನ ಶೆಡ್ಡಿನ ಕಡೆ ಹೋಯಿತು. ಅಲ್ಲಿ ಸಾಲಾಗಿ ನಿಂತ ದೇವರುಗಳ ಬೆನ್ನಿನ ಮೇಲೆ ಮೆಷಿನ್ನು ಕೊಯ್ದ ಗೆರೆಗಳು ಹಾಗೇ ಇದ್ದವು. ಲಾರಿಯವರಿಗೆ ಅವಸರ, ಗುಡಿಯವರಿಗೆ ಅವಸರ, ಬೆನ್ನು ಯಾರಿಗೂ ಬೇಕಿಲ್ಲವೆಂದು ಅವನು ಬಿಟ್ಟು ಎಷ್ಟೋ ಕಾಲವಾಗಿತ್ತು. ಸುನಂದ ಅವನ ನೋಟದ ಜಾಡು ಹಿಡಿದು ನೋಡಿದಳು. ಅವಳಿಗೆ ಗೆದ್ದೆನೆಂಬ ಸಂತೋಷವಾಗಲಿಲ್ಲ. ಯಾಕೋ ಬಾವನ ಮೇಲೆ ಅಯ್ಯೋ ಅನಿಸಿತು.

"ಇದು ಅಪ್ಪನ ಬೆನ್ನು," ಎಂದ ಅವನು, ಯಾರಿಗೆಂದಿಲ್ಲದೆ. ಆಮೇಲೆ ಗಟ್ಟಿಯಾಗಿ, "ಅವನ ಉಳಿ ತನ್ನಿ."

ಚನ್ನರಾಯಾಚಾರಿಯ ಮಗ ಕಾಂತರಾಜ್ ಶೆಡ್ಡಿನ ಕಡೆ ಹೆಜ್ಜೆ ಹಾಕಿದ.

"ಅದಲ್ಲ ಕಣೋ. ಅದು ತುಕ್ಕು ಹಿಡಿದಿದೆ. ಅವನು ಕೆಲಸ ಮಾಡ್ತಿದ್ದದ್ದು ಯಾವುದಮ್ಮಾ ಸುನಂದಾ?"

ಸುನಂದಳಿಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅಳುತ್ತಲೇ ಎದ್ದು ಒಳಗೆ ಹೋಗಿ, ಕಿಟಕಿಯ ಬಳಿಯ ಮಣೆಯ ಮೇಲಿಂದ ಬೇವಿನ ಕಡ್ಡಿಯ ಆ ಸೂಜಿಯನ್ನು ತಂದು ಅವನ ಅಂಗೈಯಲ್ಲಿಟ್ಟಳು. ಕಡ್ಡಿ ಬೆರಳು ಹಿಡಿದ ಕಡೆ ಸವೆದು ನುಣುಪಾಗಿತ್ತು. ಉಳಿಗಳನ್ನು ಹಿಡಿದು ದಡ್ಡುಗಟ್ಟಿದ್ದ ಆ ಕೈಯಲ್ಲಿ ಸೂಜಿ ಇದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

ಅವನು ತಮ್ಮನ ಪಕ್ಕ ಮಂಡಿಯೂರಿದ. ಅಂಗಳದ ಕಲ್ಲಿನ ಮೇಲೆ ಸೂಜಿಯ ಮೊನೆ ಇಟ್ಟು, ಕಾಂತರಾಜ್ ಶೆಡ್ಡಿನಿಂದ ತಂದ ಸುತ್ತಿಗೆಯನ್ನು ಇಸಿದುಕೊಂಡ. ಕಗ್ಗಲ್ಲು ಸೀಳುವ ಸುತ್ತಿಗೆ ಅದು. ಅಭ್ಯಾಸದಂತೆ ಹೆಗಲವರೆಗೆ ಎತ್ತಿದವನು ಅಲ್ಲೇ ತಡೆದ. ಮೆಲ್ಲಗೆ ಇಳಿಸುತ್ತ ಬಂದು ಕಡ್ಡಿಯ ತಲೆಯ ಮೇಲೆ ಒಂದು ಕಾಳಿನಷ್ಟು ಎತ್ತರದಲ್ಲಿ ಹಿಡಿದ.

"ಬೆನ್ನಾಯ್ತು ಬಿಡೋ ಕೋದಂಡ," ಎಂದು, ಮಲಗಿದ ಮಗುವಿನ ಕೆನ್ನೆ ತಟ್ಟುವ ಹಾಗೆ, ಒಂದು ಸಲ ತಟ್ಟಿದ.